ಎದುರಿನ ಹಡಗು ದೊಡ್ಡದಾದ್ರೆ ಓಡಿಹೋಗಲ್ವಾ? (1942ರ ‘ಬೆಂಗಾಲ್’ ಹಡಗಿನ ಬಗ್ಗೆ)

ದಾಂಡೇಲಿ ಅಪ್ಪ:
ಹೋದ ಭಾನುವಾರ ಮಗನನ್ನ ಕರ್ಕೊಂಡು ಕಾರವಾರಕ್ಕೆ ಹೋಗಿದ್ದೆ. ಟ್ಯಾಗೋರ್ ಬೀಚಿನಲ್ಲಿ ‘ಚಪಲ್’ ಯುದ್ಧನೌಕೆನ ಮ್ಯೂಸಿಯಂ ಮಾಡಿ ನಿಲ್ಲಿಸಿದಾರಲ್ಲ, ಅದನ್ನ ನೋಡೋಕೆ. ಒಳಗೆ ಬಗ್ಗಿ ಬಗ್ಗಿ ನಡೀಬೇಕು, ನಂಗೆ ಎರಡು ಸಲ ತಲೆ ಬಡೀತು. ಒಂಬತ್ತು ವರ್ಷದ ಅವನಿಗೆ ಅದೇ ಸ್ವರ್ಗ. ಹೊರಗೆ ಬಂದು ಐಸ್‌ಕ್ಯಾಂಡಿ ಚೀಪ್ತಾ ಕೇಳಿದ, "ಅಪ್ಪಾ, ಇದಕ್ಕಿಂತ ದೊಡ್ಡ ಹಡಗು ಎದುರಿಗೆ ಬಂದ್ರೆ ಓಡಿಹೋಗಲ್ವಾ?"

ನಾನು ‘ಬೆಂಗಾಲ್’ ಕಥೆ ಹೇಳ್ದೆ. 1942ರ ನವೆಂಬರ್ 11, ಹಿಂದೂ ಮಹಾಸಾಗರ, ಕೋಕೋಸ್ ದ್ವೀಪಗಳ ನೈಋತ್ಯಕ್ಕೆ. ರಾಯಲ್ ಇಂಡಿಯನ್ ನೇವಿಯ (ಬ್ರಿಟಿಷರ ಕಾಲದ ನಮ್ಮ ನೌಕಾಪಡೆ) ಬೆಂಗಾಲ್ ಅನ್ನೋ ಮೈನ್‌ಸ್ವೀಪರ್, ಅಂದ್ರೆ ಸಮುದ್ರದಲ್ಲಿ ಹುದುಗಿಸಿಟ್ಟ ಬಾಂಬ್ ತೆಗೆಯೋ ಚಿಕ್ಕ ಹಡಗು. ಸಿಡ್ನಿಯಲ್ಲಿ ಕಟ್ಟಿ ಮೂರು ತಿಂಗಳಾಗಿತ್ತು ಅಷ್ಟೆ, ಬಣ್ಣದ ವಾಸನೆ ಕೂಡ ಹೋಗಿರಲಿಕ್ಕಿಲ್ಲ. ಜೊತೆಗೆ ‘ಒಂಡಿನಾ’ ಅನ್ನೋ ಡಚ್ ತೈಲ ಟ್ಯಾಂಕರ್, ಖಾಲಿ. ಆಸ್ಟ್ರೇಲಿಯಾದ ಫ್ರಿಮ್ಯಾಂಟಲ್‌ನಿಂದ ಡಿಯಾಗೊ ಗಾರ್ಸಿಯಾ ದ್ವೀಪದ ಕಡೆ ಹೊರಟಿದ್ವು. ಎದುರಿಗೆ ಬಂದದ್ದು ಜಪಾನಿನ ಎರಡು ದಾಳಿ ಹಡಗು, ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’. ಬೆಂಗಾಲ್‌ನ ಕಮಾಂಡರ್ ವಿಲಿಯಂ ವಿಲ್ಸನ್ ಟ್ಯಾಂಕರ್‌ಗೆ ನೀನು ತಪ್ಪಿಸ್ಕೋ ಅಂತ ಸೂಚನೆ ಕೊಟ್ಟು, ತಾನು ಹಡಗನ್ನ ಶತ್ರು ಕಡೆಗೇ ತಿರುಗಿಸಿದ. ಟ್ಯಾಂಕರ್ ಓಡಲಿಲ್ಲ, ಅದೂ ಗುಂಡು ಹಾರಿಸೋಕೆ ನಿಂತಿತು. ಸ್ವಲ್ಪ ಹೊತ್ತಿಗೆ ಹೊಕೊಕು ಮಾರುಗೆ ಬೆಂಕಿ ಬಿತ್ತು, ಸಿಡೀತು, ಮುಳುಗ್ತು.

ನನ್ನ ಪ್ರಶ್ನೆ ಎರಡು. ಆ ಗುಂಡು ಯಾರದ್ದು, ಬೆಂಗಾಲ್‌ದೋ ಒಂಡಿನಾದೋ? ಇನ್ನೊಂದು, ಇದನ್ನ ಧೈರ್ಯ ಅನ್ನೋದಾ, ಬೇರೆ ದಾರಿ ಇರಲಿಲ್ಲ ಅನ್ನೋದಾ? ಮಗನಿಗೆ "ಧೈರ್ಯ" ಅಂತ ಹೇಳಿ ಮುಗಿಸಿದೆ. ಆದ್ರೆ ವಾಪಸ್ ಬರ್ತಾ ಕದ್ರಾ ದಾಟೋವರೆಗೂ ತಲೇಲಿ ಅದೇ.

ಮಲ್ಪೆ ಬಂಗುಡೆ:
ಐಸ್‌ಕ್ಯಾಂಡಿ ಇನ್ನೂ ಸಿಗ್ತದಾ ಅಲ್ಲಿ?

ಚಹಾ ಚೂಡಾ:
ಆ ಚಪಲ್ 71ರಲ್ಲಿ ಕರಾಚಿ ಸುಟ್ಟ ಹಡಗು. ಮಗನಿಗೆ ಅದನ್ನೇ ಹೇಳಬಹುದಿತ್ತು, ದೂರದ ಬೆಂಗಾಲ್ ಯಾಕೆ?

ಲೆಕ್ಕದ ಮೇಷ್ಟ್ರು:
@ಚಹಾ ಚೂಡಾ, ಎಲ್ಲರೂ ಇದನ್ನೇ ಹೇಳ್ತಾರೆ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗೋದು ಹೇಗೆ? ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್. ಇದೇ ಜಾತಿಯ ಕ್ಷಿಪಣಿ ದೋಣಿಗಳು, ಅಣ್ಣಂದಿರು ಅನ್ನಿ.

ಈಗ ದಾಂಡೇಲಿಯವರ ಪ್ರಶ್ನೆ. ಓಡೋದು ಸಾಧ್ಯ ಇತ್ತಾ ಅಂತ ಮೊದಲು ಲೆಕ್ಕ ಹಾಕಿ. ಜಪಾನಿ ಹಡಗುಗಳ ವೇಗ ಸುಮಾರು 21 ನಾಟ್ (ಹಡಗಿನ ವೇಗದ ಅಳತೆ). ಬೆಂಗಾಲ್ 15. ಒಂಡಿನಾ 12. ಒಂಡಿನಾದ ಕ್ಯಾಪ್ಟನ್ ವಿಲ್ಲೆಮ್ ಹಾರ್ಸ್‌ಮನ್ ಇದೇ ಲೆಕ್ಕ ಹಾಕಿದ. ಓಡಿದ್ರೂ ಸಿಕ್ಕಿಬೀಳ್ತೀವಿ, ನಿಂತ್ರೆ ಕೈಯಲ್ಲಿರೋ ಒಂದು ತೋಪನ್ನಾದ್ರೂ ಬಳಸಬಹುದು.

ಗುಂಡಿನ ತೂಕ ನೋಡಿ. ಜಪಾನಿ 140 ಮಿ.ಮೀ. ತೋಪಿನ ಒಂದು ಗುಂಡು 38 ಕೆ.ಜಿ. ಬೆಂಗಾಲ್‌ನ 12 ಪೌಂಡರ್ ತೋಪಿನ ಗುಂಡು 6 ಕೆ.ಜಿ.ಗೂ ಕಡಿಮೆ. ಅವರು ಒಂದೂವರೆ ಮೂಟೆ ಅಕ್ಕಿ ಎಸೀತಿದ್ರು, ಇವರು ಒಂದು ತೆಂಗಿನಕಾಯಿ ಗೊಂಚಲು. ಅಂಥ ತೋಪು ಅವರ ಹತ್ತಿರ ಹಲವು, ಇವರ ಹತ್ತಿರ ಒಂದೇ ಒಂದು.

ಇತಿಹಾಸ ಹುಚ್ಚ:
ಬೆಂಗಾಲ್‌ಗೆ 4 ಇಂಚಿನ ತೋಪಿತ್ತು ಅಂತ ಓದಿದ ನೆನಪು ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು:
ಆ ಜಾತಿಯ ಹಡಗುಗಳಿಗೆ 4 ಇಂಚಿನದು ಕೂರಿಸೋದು ರೂಢಿ, ಅದಕ್ಕೇ ಗೊಂದಲ. ಬೆಂಗಾಲ್‌ಗೆ ಸಿಕ್ಕಿದ್ದು 3 ಇಂಚಿನ 12 ಪೌಂಡರ್, ಜೊತೆಗೆ ಓರ್ಲಿಕಾನ್ ಅನ್ನೋ ಚಿಕ್ಕ ವಿಮಾನನಿರೋಧಕ ತೋಪುಗಳು. 4 ಇಂಚಿನ ತೋಪು ಇದ್ದದ್ದು ಟ್ಯಾಂಕರ್ ಮೇಲೆ. ಕಾವಲಿಗೆ ಹೋದವನ ಕೈಯಲ್ಲಿ ದೊಣ್ಣೆ, ಕಾಯಿಸಿಕೊಳ್ಳೋನ ಕೈಯಲ್ಲಿ ಕೋವಿ!

ಇತಿಹಾಸ ಹುಚ್ಚ:
ಹಾಗಾದ್ರೆ ಮೊದಲ ಪ್ರಶ್ನೆಗೂ ಅದೇ ಉತ್ತರ. ಹೊಡೆದದ್ದು ಒಂಡಿನಾನೇ ಇರಬೇಕು. ಡಚ್ಚರು ಹಾಗೇ ಬರ್ಕೊಂಡಿದಾರೆ. ನಮ್ಮ ಕಡೆಯವರು ಬೆಂಗಾಲ್‌ದು ಅಂತ ಬರೆದ್ರು, ವಿಲ್ಸನ್‌ಗೆ ಡಿ.ಎಸ್.ಒ. ಅನ್ನೋ ಬ್ರಿಟಿಷ್ ಪದಕ ಬಂತು. ಹೊಕೊಕು ಮಾರು ಮೇಲೆ ಟಾರ್ಪಿಡೊ (ನೀರೊಳಗೆ ಸಾಗಿ ಸಿಡಿಯೋ ಅಸ್ತ್ರ) ಇತ್ತು, ಸಮುದ್ರವಿಮಾನ ಇತ್ತು, ಅದರ ಪೆಟ್ರೋಲ್ ಇತ್ತು. ಹಡಗು ದೊಡ್ಡದಾದಷ್ಟೂ ಉರಿಯೋ ಸಾಮಾನು ಜಾಸ್ತಿ.

ದಾಂಡೇಲಿ ಅಪ್ಪ:
650 ಟನ್ನಿನ ಹಡಗು ಎದುರಿಗೆ 10,400 ಟನ್ನಿನ ಹಡಗು. ಹದಿನಾರು ಪಟ್ಟು!

ಲೆಕ್ಕದ ಮೇಷ್ಟ್ರು:
ಸ್ವಾಮಿ, ಅದು ಬೇರೆ ಟನ್ನು, ಇದು ಬೇರೆ ಟನ್ನು. 650 ಅನ್ನೋದು ಹಡಗಿನ ತೂಕ. 10,400 ಅನ್ನೋದು ವ್ಯಾಪಾರಿ ಹಡಗಿನ ಒಳಗಿನ ಜಾಗ ಅಳೆಯೋ ಗ್ರಾಸ್ ಟನ್. ಹೊಕೊಕು ಮಾರು ಮೂಲತಃ ಒಸಾಕದ ಕಂಪನಿಯ ಪ್ರಯಾಣಿಕರ ಹಡಗು, ಆಮೇಲೆ ತೋಪು ಕೂರಿಸಿದ್ದು. ಲೀಟರನ್ನ ಕೆ.ಜಿ.ಯಿಂದ ಭಾಗಿಸಿದ ಹಾಗಾಯ್ತು ನಿಮ್ಮ ಲೆಕ್ಕ.

ಮಲ್ಪೆ ಬಂಗುಡೆ:
ಮೇಷ್ಟ್ರ ಕ್ಲಾಸಲ್ಲಿ ಎಷ್ಟು ಮಕ್ಕಳು ಪಾಸಾಗ್ತಾರೆ ಮಾರಾಯ್ರೆ 😄

ಬಿಸಿಲೂರ ಬಸ್ಯಾ:
ಎಲ್ಲಾ ಛಲೋ ಐತ್ರಿ. ಆದ್ರ ಒಂದು ಮಾತು. ಇದು ಯಾರ ಯುದ್ಧ? ಬೆಂಗಾಲ್ ಸೇವೆಗೆ ಸೇರಿದ್ದು 1942ರ ಆಗಸ್ಟ್ 8ಕ್ಕ. ಅವತ್ತ ಮುಂಬೈದಾಗ ಕ್ವಿಟ್ ಇಂಡಿಯಾ ಠರಾವ್ ಪಾಸಾತು. ಒಂದ ದಿನ! ಅತ್ತ ಸಿಡ್ನಿದಾಗ ನಮ್ಮ ಹುಡುಗರು ಇಂಗ್ಲಿಷ್ ಬಾವುಟಕ್ಕ ಸಲಾಮ್ ಹೊಡದ್ರು, ಇತ್ತ ನಮ್ಮ ಹಿರ್ಯಾರು ಜೇಲಿಗೆ ಹೊಂಟ್ರು. ಈಸೂರಾಗ ಊರಿಗೆ ಊರ ಎದ್ದು ನಿಂತಿದ್ದೂ ಅದ ವರ್ಷ. ಧೈರ್ಯ ಅಂದ್ರ ನನಗ ಅದು. ಈ ಹಡಗಿನ ಕಥಿ ಪಗಾರಕ್ಕ ದುಡಿದವರ ಕಥಿ.

ಸ್ಟೋಕರ್ ಮಾಮ:
ಬಸ್ಯಾ ತಮ್ಮಾ, ಪಗಾರ ತಗೊಂಡವನು ನಾನೂ. ನೌಕಾಪಡೆಯ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ. ನಿನ್ನ ಮಾತಿಗೆ ಬೇಜಾರಿಲ್ಲ, ಆದರೆ ಒಂದು ಸಂಗತಿ ಹೇಳಿಬಿಡ್ತೀನಿ.

ಲೋಣಾವಳದಲ್ಲಿ ನಮಗೆ ತರಬೇತಿ ಆಗ್ತಿತ್ತು. ಹಡಗಿನ ಒಳಕೋಣೆ ತರಹ ಒಂದು ಕಬ್ಬಿಣದ ಡಬ್ಬಿ. ಅದರೊಳಗೆ ಬಿಟ್ಟು ಬಾಗಿಲು ಹಾಕ್ತಾರೆ. ಗೋಡೆಯ ತೂತುಗಳಿಂದ ನೀರು ನುಗ್ಗುತ್ತೆ, ದೀಪ ಆರುತ್ತೆ. ಕೈಗೆ ಕೊಡೋದು ಮರದ ಗೂಟ, ಬೆಣೆ, ಒಂದು ಸುತ್ತಿಗೆ. ತೂತಿಗೆ ಗೂಟ ಜಡೀಬೇಕು. ನೀರು ಎದೆಗೆ ಬಂದಾಗ ಸುತ್ತಿಗೆ ಎತ್ತೋಕೂ ಆಗಲ್ಲ, ಬೀಸಿದ್ರೆ ನೀರೇ ತಡೆಯುತ್ತೆ. ನಾನು ಮೊದಲ ಸಲ ಗೂಟ ಬಿಟ್ಟು ನನ್ನ ಹೆಬ್ಬೆರಳಿಗೇ ಹೊಡ್ಕೊಂಡೆ, ಉಗುರು ಈಗಲೂ ಸೊಟ್ಟ. ತರಬೇತಿ ಅಂತ ಗೊತ್ತಿದೆ, ಬಾಗಿಲಾಚೆ ಉಸ್ತಾದ್ ನಿಂತಿದಾನೆ ಅಂತ ಗೊತ್ತಿದೆ. ಆದರೂ ಪಕ್ಕದವನೊಬ್ಬ ಅವ್ವಾ ಅಂತ ಕೂಗಿಬಿಟ್ಟ.

ಈಗ ಬೆಂಗಾಲ್‌ನ ಕೆಳಗಡೆ ಇದ್ದವರನ್ನ ಯೋಚಿಸಿ. ಮೇಲೆ ಏನಾಗ್ತಿದೆ ಅಂತ ಅವರಿಗೆ ಕಾಣಲ್ಲ. ಶತ್ರು ದೊಡ್ಡವನೋ ಚಿಕ್ಕವನೋ ಗೊತ್ತಿಲ್ಲ. ತಮ್ಮ ತೋಪು ಹಾರಿದ್ರೆ ಹಡಗು ನಡುಗುತ್ತೆ, ಶತ್ರು ಗುಂಡು ಹತ್ತಿರ ಬಿದ್ರೂ ನಡುಗುತ್ತೆ, ಎರಡಕ್ಕೂ ವ್ಯತ್ಯಾಸ ಪಾದದಲ್ಲಿ ತಿಳ್ಕೋಬೇಕು. ಬ್ರಿಡ್ಜಿನಿಂದ (ಮೇಲೆ ಹಡಗು ನಡೆಸೋ ಜಾಗ) ಫುಲ್ ಸ್ಪೀಡ್ ಅಂತ ಗಂಟೆ ಹೊಡೀತು ಅಂದ್ರೆ ಕೊಡಬೇಕು, ಅಷ್ಟೇ. ಎತ್ತ ಕಡೆ ಫುಲ್ ಸ್ಪೀಡು, ಓಡೋಕೋ ನುಗ್ಗೋಕೋ ಅಂತ ಕೇಳೋ ಹಾಗಿಲ್ಲ. ಕಮಾಂಡರ್‌ಗಾದರೂ ತಿರುಗಿಸ್ಲಾ ಬೇಡ್ವಾ ಅನ್ನೋ ಆಯ್ಕೆ ಇತ್ತು. ಇವರಿಗೆ ಅದೂ ಇಲ್ಲ. ಪದಕ ಬರೋದು ಆಯ್ಕೆ ಇದ್ದವನಿಗೆ.

ಬಿಸಿಲೂರ ಬಸ್ಯಾ:
ಮಾಮಾ, ಇದು ಖರೇ ಮಾತು. ಸುಮ್ನಾದ್ಯಾ.

ಇತಿಹಾಸ ಹುಚ್ಚ:
ಸುಮ್ಮನಾಗಬೇಡಿ ಬಸ್ಯಾ ಅವರೇ, ನಿಮ್ಮ ಮಾತಿಗೆ ಬಾಲ ಇದೆ. ಇದೇ ನೌಕಾಪಡೆ 1946ರ ಫೆಬ್ರವರಿ 18ರಂದು ಮುಂಬೈನ ‘ತಲವಾರ್’ ಅನ್ನೋ ನೌಕಾ ತರಬೇತಿ ಕೇಂದ್ರದಲ್ಲಿ ಊಟ ಸರಿಯಿಲ್ಲ ಅಂತ ಶುರು ಮಾಡಿ ದಂಗೆ ಎದ್ದಿತು. ಸುಮಾರು 20 ಸಾವಿರ ನಾವಿಕರು. ಜಪಾನಿಗೆ ಹೆದರದವರು ಹುಳ ಬಿದ್ದ ಬೇಳೆಗೆ ಹೆದರ್ತಾರಾ? ನಾಲ್ಕು ವರ್ಷದ ಅಂತರ, ಅದೇ ಸಮವಸ್ತ್ರ.

ಬಿಸಿಲೂರ ಬಸ್ಯಾ:
ಅದಕ್ಕ ಸಿನಿಮಾ ತಗೀಬೇಕ್ರಿ.

ಚಹಾ ಚೂಡಾ:
ತೆಗೆದ್ರೆ ನಾಯಕ ಮೂರು ಹಾಡು ಹಾಡಿ ಒಬ್ಬನೇ ಹಡಗು ಮುಳುಗಿಸ್ತಾನೆ. ಬೇಡ ಬಿಡಿ.

ನ್ಯೂಜೆರ್ಸಿ ನಿಂಗಣ್ಣ:
ಚಿಕ್ಕವರು ದೊಡ್ಡವರಿಗೆ ತಿರುಗಿಬಿದ್ದ ಕಥೆ ಅಂದ್ರೆ ಸಮರ್ ದ್ವೀಪದ ಕದನ ಬಿಟ್ಟು ಮಾತಾಡೋ ಹಾಗಿಲ್ಲ. 1944ರ ಅಕ್ಟೋಬರ್ 25, ಫಿಲಿಪ್ಪೀನ್ಸ್. ಅಮೆರಿಕದ ಆರು ಪುಟ್ಟ ವಿಮಾನವಾಹಕ ಹಡಗು, ಅವುಗಳ ಕಾವಲಿಗೆ ಮೂರು ಡೆಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ), ಅದಕ್ಕಿಂತ ಚಿಕ್ಕ ನಾಲ್ಕು ಬೆಂಗಾವಲು ಹಡಗು. ಬೆಳಗಿನ ಜಾವ ದಿಗಂತದಲ್ಲಿ ಮೂಡಿದ್ದು ಜಪಾನಿ ಅಡ್ಮಿರಲ್ ಕುರಿಟಾನ ಪಡೆ. ನಾಲ್ಕು ಬ್ಯಾಟಲ್‌ಶಿಪ್ (ದೈತ್ಯ ತೋಪಿನ ಯುದ್ಧನೌಕೆ), ಅದರಲ್ಲೊಂದು ಯಮಾಟೊ. ಮೇಷ್ಟ್ರ ಭಾಷೇಲಿ ಹೇಳೋದಾದ್ರೆ, ಯಮಾಟೊದ ಒಂದು ಗುಂಡು 1,460 ಕೆ.ಜಿ., ಡೆಸ್ಟ್ರಾಯರ್‌ನ ಗುಂಡು 25 ಕೆ.ಜಿ.

‘ಜಾನ್‌ಸ್ಟನ್’ ಹಡಗಿನ ಅರ್ನೆಸ್ಟ್ ಇವಾನ್ಸ್ ಮೇಲಿನಿಂದ ಅಪ್ಪಣೆ ಬರೋ ಮೊದಲೇ ತಿರುಗಿಸಿ ನುಗ್ಗಿದ. ಹತ್ತು ಟಾರ್ಪಿಡೊ ಬಿಟ್ಟ, ‘ಕುಮಾನೊ’ ಕ್ರೂಸರ್‌ನ ಮೂತಿ ಹಾರಿತು. ಆಮೇಲೆ ಜಾನ್‌ಸ್ಟನ್‌ಗೆ ಸರಿಯಾಗಿ ಬಿತ್ತು, ಒಂದು ಎಂಜಿನ್ ಸತ್ತಿತು. ಇವಾನ್ಸ್‌ನ ಕೈಬೆರಳು ಎರಡು ಹೋದವು. ಟಾರ್ಪಿಡೊ ಖಾಲಿ. ಆದರೂ ಉಳಿದವರ ಜೊತೆ ಮತ್ತೆ ಹಿಂದಿರುಗಿ ಹೋದ. ಹಡಗಿನ 327 ಜನರಲ್ಲಿ 186 ಜನ ವಾಪಸ್ ಬರಲಿಲ್ಲ, ಅವನೂ ಬರಲಿಲ್ಲ.

‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಅನ್ನೋ ಬೆಂಗಾವಲು ಹಡಗಲ್ಲಿ ಪಾಲ್ ಹೆನ್ರಿ ಕಾರ್ ಅನ್ನೋ ಹುಡುಗ ಹಿಂದಿನ ತೋಪಿಗೆ ಮುಖ್ಯಸ್ಥ. ತೋಪಿನ ಸಂಖ್ಯೆ 52. ಮುನ್ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಮುಗಿಸಿದ್ದ. ಕೆಂಪಗೆ ಕಾದ ತೋಪಿನೊಳಗೇ ಮದ್ದು ಸಿಡಿದು ಮೈ ಹರಿದುಹೋಗಿತ್ತು. ಜೊತೆಯವರು ಬಂದು ನೋಡಿದ್ರೆ ಕೊನೇ ಗುಂಡನ್ನ ಮಗು ಎತ್ಕೊಂಡ ಹಾಗೆ ಎತ್ಕೊಂಡು, ತುಂಬೋಕೆ ಸಹಾಯ ಮಾಡಿ ಅಂತಿದ್ನಂತೆ. ಆಮೇಲೆ ಅವನ ಹೆಸರಲ್ಲೇ ಒಂದು ಫ್ರಿಗೇಟ್ ಬಂತು, ಅದರ ಸಂಖ್ಯೆಯೂ 52. ಇಲ್ಲಿನ ಅಧಿಕಾರಿಯಿಂದ ಹಿಡಿದು ತೋಪಿನ ಹುಡುಗನವರೆಗೆ ಹೆಸರು ಉಳಿದಿದೆ ನೋಡಿ.

ಇತಿಹಾಸ ಹುಚ್ಚ:
ನಿಂಗಣ್ಣ, ಅಷ್ಟೂ ಸರಿ. ಆದ್ರೆ ಅವರ ಧೈರ್ಯ ನೋಡಿಯೇ ಯಮಾಟೊ ಓಡಿತು ಅಂದ್ರೆ ನಾನು ಒಪ್ಪಲ್ಲ. ಕುರಿಟಾ ಎದುರಿಗಿರೋದು ದೊಡ್ಡ ವಿಮಾನವಾಹಕಗಳು ಅಂತ ತಪ್ಪು ತಿಳಿದಿದ್ದ. ಎರಡು ದಿನ ಮುಂಚೆ ಅವನ ಸ್ವಂತ ಹಡಗನ್ನ ಸಬ್‌ಮರೀನ್ ಹೊಡೆದು ನೀರಲ್ಲಿ ಈಜಿ ಬಂದಿದ್ದ. ಮೇಲಿನಿಂದ ವಿಮಾನಗಳ ಕಾಟ ಬಿಟ್ಟಿರಲಿಲ್ಲ. ಜೊತೆಗೆ ಅವರ ಕವಚ ಕೊರೆಯೋ ಗುಂಡುಗಳು ಈ ತೆಳು ತಗಡಿನ ಹಡಗುಗಳ ಈ ಕಡೆ ಹೊಕ್ಕು ಆ ಕಡೆ ಸಿಡೀದೆ ಹೊರಟುಹೋದವು. ಹಪ್ಪಳಕ್ಕೆ ಮೊಳೆ ಹೊಡೆದ ಹಾಗೆ.

ನ್ಯೂಜೆರ್ಸಿ ನಿಂಗಣ್ಣ:
ತಪ್ಪು ತಿಳಿಯೋ ಹಾಗೆ ಮಾಡಿದ್ದು ಯಾರು ಮತ್ತೆ? ಡೆಸ್ಟ್ರಾಯರ್‌ಗಳು ಅಷ್ಟು ರಭಸವಾಗಿ ನುಗ್ಗದಿದ್ರೆ ಅವನಿಗೆ ಎಣಿಸೋಕೆ ಪುರುಸೊತ್ತು ಸಿಗ್ತಿತ್ತು.

ಇತಿಹಾಸ ಹುಚ್ಚ:
ಹ್ಞೂಂ. ಅರ್ಧ ಒಪ್ಪಿದೆ.

ಗೌರಿಬಿದನೂರ್ ಗುರು:
ಒಂದು ಸಾಮಾನ್ಯ ಪ್ರಶ್ನೆ ಕಣ್ರೀ. ಅಷ್ಟೊಂದು ತೋಪು ಒಂದೇ ಸಲ ಹಾರಿಸಿದ್ರೆ ಚಿಕ್ಕ ಹಡಗು ಹತ್ತು ನಿಮಿಷಾನೂ ಉಳಿಯೋದು ಹೆಂಗೆ?

ಲೆಕ್ಕದ ಮೇಷ್ಟ್ರು:
ಒಳ್ಳೇ ಪ್ರಶ್ನೆ. ಗುಂಡು ಹೋಗಿ ಬೀಳೋಕೆ ಅರ್ಧ ನಿಮಿಷ ಹಿಡಿಯುತ್ತೆ. ಬಿದ್ದ ಕಡೆ ನೀರು ಕಂಬದ ಹಾಗೆ ಚಿಮ್ಮುತ್ತೆ. ಹಾರಿಸಿದವನು ದುರ್ಬೀನಲ್ಲಿ ಆ ಕಂಬ ನೋಡಿ, ದೂರ ಬಿತ್ತು, ಇನ್ನೂರು ಗಜ ಹಿಂದಕ್ಕೆ ಅಂತ ತಿದ್ದುತ್ತಾನೆ. ಜಪಾನಿಯರು ಒಂದೊಂದು ಹಡಗಿನ ಗುಂಡಿಗೂ ಬೇರೆ ಬೇರೆ ಬಣ್ಣ ಹಾಕಿರ್ತಿದ್ರು, ಯಾರದ್ದು ಎಲ್ಲಿ ಬಿತ್ತು ಅಂತ ಗೊತ್ತಾಗಲಿ ಅಂತ. ಸಮರ್‌ನಲ್ಲಿ ಹೋಳಿ ಆಡಿದ ಹಾಗೆ ಬಣ್ಣದ ನೀರಿನ ಕಂಬಗಳು.

ಈಗ ಚಿಕ್ಕವನು ಮಾಡೋದು ಇಷ್ಟು. ನೀರು ಚಿಮ್ಮಿದ ಕಡೆಗೇ ಹಡಗು ತಿರುಗಿಸ್ತಾನೆ. ಯಾಕಂದ್ರೆ ಹಾರಿಸಿದವನು ಅಲ್ಲಿಂದ ತಿದ್ದಿಬಿಟ್ಟಿರ್ತಾನೆ, ಮುಂದಿನ ಗುಂಡು ಹಳೇ ಜಾಗದಲ್ಲಿ ಬೀಳಲ್ಲ. ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ಈಗ ತಾನೇ ಸಾವು ಬಿದ್ದ ಜಾಗಕ್ಕೆ ಹೋಗಿ ನಿಲ್ಲಬೇಕಲ್ಲ. ದೊಡ್ಡ ಹಡಗು ಅಷ್ಟು ಬೇಗ ತಿರುಗಲ್ಲ, ಚಿಕ್ಕದಕ್ಕೆ ಇರೋ ಒಂದೇ ಆಸ್ತಿ ಅದು.

ಮಲ್ಪೆ ಬಂಗುಡೆ:
ಇದು ನಮ್ಮಲ್ಲೂ ಉಂಟು ಮಾರಾಯ್ರೆ. ಗುಂಡಲ್ಲ, ತೆರೆ. ಆರೇಳು ವರ್ಷ ಹಿಂದೆ ಟ್ರಾಲ್ ಬೋಟಲ್ಲಿ ಇದ್ದೆ. ರಾತ್ರಿ ಗಾಳಿ ಎದ್ದಿತು. ನಾನು ಹೊಸಬ, ಬೇಗ ದಡಕ್ಕೆ ಹೋಗುವ, ತಿರುಗಿಸಿ ಅಂತ ತಂಡೇಲರಿಗೆ (ಬೋಟು ನಡೆಸುವವರು) ಬೊಬ್ಬೆ ಹಾಕಿದೆ. ಅವರು ಕೇಳ್ಲಿಲ್ಲ. ಬೀಡಿ ಕಚ್ಚಿಕೊಂಡು ಬೋಟಿನ ಮೂತಿಯನ್ನು ತೆರೆಗೇ ಕೊಟ್ಟು ಹಿಡಿದ್ರು. ಬೀಡಿ ನೆಂದು ನಂದಿ ಹೋಗಿತ್ತು, ಆದ್ರೂ ಬಾಯಲ್ಲೇ ಇತ್ತು. ಬೆಳಗ್ಗೆ ಹೇಳಿದ್ರು, "ತಿರುಗಿಸುವಾಗ ಬೋಟು ಅಡ್ಡ ಆಗ್ತದೆ ಮಗಾ. ಅಡ್ಡ ಆದ ಬೋಟು ಸಮುದ್ರದ್ದು." ಅವರನ್ನು ಯಾರೂ ಧೈರ್ಯವಂತ ಅಂತ ಹೇಳಿದ್ದು ನಾನು ಕೇಳ್ಲಿಲ್ಲ, ಕೆಲಸ ಗೊತ್ತಿರುವ ಜನ ಅಂತ ಹೇಳ್ತಿದ್ರು.

ವಿಲ್ಸನ್ ಹಡಗು ತಿರುಗಿಸಿದ್ದೂ ಹಾಗೆ ಇರ್ಬಹುದು. ಅಡ್ಡ ನಿಂತ್ರೆ ಉದ್ದಕ್ಕೆ ಕಾಣ್ತದೆ, ಮೂತಿ ಕೊಟ್ರೆ ಸಪೂರ ಕಾಣ್ತದೆ.

ದಾಂಡೇಲಿ ಅಪ್ಪ:
ಬಂಗುಡೆಯವರೇ, ನನ್ನ ಎರಡನೇ ಪ್ರಶ್ನೆಗೆ ಇಷ್ಟು ಹತ್ತಿರ ಬಂದ ಉತ್ತರ ಇನ್ನೊಂದಿಲ್ಲ.

ಶೃಂಗೇರಿ ಸುಬ್ಬಮ್ಮ:
ಕ್ಯಾಪ್ಟನ್ ಮುಲ್ಲಾ ಅವರನ್ನ ಯಾಕೆ ಯಾರೂ ನೆನೆಸಲಿಲ್ಲ? 1971ರ ಡಿಸೆಂಬರ್ 9, ನಮ್ಮ ‘ಖುಕ್ರಿ’ ಯುದ್ಧನೌಕೆ. ದಿಯು ಹತ್ತಿರ. ತಮ್ಮ ಲೈಫ್ ಜಾಕೆಟ್ ಬೇರೆಯವರಿಗೆ ಕೊಟ್ಟು ಹಡಗಿನ ಜೊತೆ ಹೋದರು. 18 ಅಧಿಕಾರಿಗಳು, 176 ನಾವಿಕರು. ಆಗ ನಾನು ಹೈಸ್ಕೂಲು. ರೇಡಿಯೊ ಕೇಳಿ ನಮ್ಮಮ್ಮ ಒಲೆ ಮೇಲಿನ ಹಾಲು ಉಕ್ಕಿಸಿಬಿಟ್ಟಿದ್ದರು. ಅಮ್ಮನಿಗೆ ಸಮುದ್ರ ಹೇಗಿರುತ್ತೆ ಅಂತಲೂ ಗೊತ್ತಿರಲಿಲ್ಲ.

ಇತಿಹಾಸ ಹುಚ್ಚ:
ಸುಬ್ಬಮ್ಮನವರೇ, ನಮಸ್ಕಾರ. ಮುಲ್ಲಾ ಅವರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇಲ್ಲಿನ ವಿಷಯ ತೋಪಿನಲ್ಲಿ ಕಡಿಮೆ ಇದ್ದವರು. ಖುಕ್ರಿಯದು ಬೇರೆ ಕಥೆ, ಪಾಕಿಸ್ತಾನದ ಹಂಗೋರ್ ಅನ್ನೋ ಸಬ್‌ಮರೀನ್ ಕೆಳಗಿನಿಂದ ಟಾರ್ಪಿಡೊ ಹೊಡೆದದ್ದು. ಸಬ್‌ಮರೀನ್ ಬೇಟೆಗೇ ಕಟ್ಟಿದ ಹಡಗು ಖುಕ್ರಿ.

ಸ್ಟೋಕರ್ ಮಾಮ:
ಹುಚ್ಚಪ್ಪಾ, ಖುಕ್ರಿಯ ಸೋನಾರಿಗೆ (ನೀರೊಳಗಿನ ಸದ್ದು ಹಿಡಿಯೋ ಯಂತ್ರ) ಕೇಳೋದಕ್ಕಿಂತ ದೂರದಿಂದ ಹಂಗೋರ್‌ಗೆ ಕೇಳ್ತಿತ್ತು. ಕಿವಿಯಲ್ಲಿ ಕಡಿಮೆ ಇದ್ರೂ ಅದು ಕಡಿಮೆಯೇ. ಅಮ್ಮ ಹೇಳಿದ್ದು ಇಲ್ಲೇ ಇರಲಿ.

ಇತಿಹಾಸ ಹುಚ್ಚ:
ತಪ್ಪಾಯ್ತು ಮಾಮ. ಅಮ್ಮಾ, ಕ್ಷಮಿಸಿ.

ಚಹಾ ಚೂಡಾ:
ಉಳ್ಳಾಲದ ಅಬ್ಬಕ್ಕ ಸಣ್ಣ ದೋಣಿಗಳಲ್ಲಿ ಹೋಗಿ ಪೋರ್ಚುಗೀಸರ ಹಡಗು ಸುಡಲಿಲ್ವಾ? ನಮ್ಮ ಮನೆ ಬಾಗಿಲಲ್ಲೇ ಕಥೆ ಇರುವಾಗ ಫಿಲಿಪ್ಪೀನ್ಸ್‌ವರೆಗೆ ಯಾಕೆ?

ಇತಿಹಾಸ ಹುಚ್ಚ:
ಬೆಂಕಿ ಬಾಣ, ತೆಂಗಿನ ಗರಿ ಪಂಜು, ಎಲ್ಲಾ ಜನರ ಬಾಯಲ್ಲಿ ಬಂದದ್ದು, ಚಂದ ಇದೆ. ಬರಹದಲ್ಲಿ ಬೇಕು ಅಂದ್ರೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನ ಕಣ್ಣಾರೆ ಕಂಡದ್ದು ಸಿಗುತ್ತೆ. ಅವನಿಗೆ ಕಂಡ ರಾಣಿ ಬರಿಗಾಲಲ್ಲಿ, ತಲೆ ಮೇಲೆ ತಾಳೆಗರಿ ಕೊಡೆ ಹಿಡಿಸ್ಕೊಂಡು, ನೀರಿನ ಕಾಲುವೆ ಕೆಲಸ ನೋಡಿಕೊಂಡು ಬರ್ತಿದ್ಲು. ನನಗಂತೂ ಬೆಂಕಿ ಬಾಣಕ್ಕಿಂತ ಆ ಬರಿಗಾಲು ಹೆಚ್ಚು ಹಿಡಿಸ್ತು.

ಮಲ್ಪೆ ಬಂಗುಡೆ:
ದೋಣಿ ನಡೆಸಿದ ಮೊಗವೀರರನ್ನು ಮರೀಬೇಡಿ ಆಯ್ತಾ. ರಾಣಿಯ ಹೆಸರು ಕೋಸ್ಟ್ ಗಾರ್ಡ್ ಹಡಗಿಗೆ ಇಟ್ಟಿದ್ದಾರೆ, ದೋಣಿಗೆ ಹುಟ್ಟು ಹಾಕಿದವರ ಹೆಸರು ಎಲ್ಲಿಯೂ ಇಲ್ಲ. ಮಾಮ ಹೇಳಿದ ಕಥೆಯೇ ಪುನಃ.

ಗೌರಿಬಿದನೂರ್ ಗುರು:
ಗುರುಗಳೇ, ಒಂಡಿನಾ ಏನಾಯ್ತು ಅಂತ ಯಾರೂ ಹೇಳಲೇ ಇಲ್ಲ! ಅರ್ಧಕ್ಕೇ ಬಿಟ್ರಿ.

ನ್ಯೂಜೆರ್ಸಿ ನಿಂಗಣ್ಣ:
ಅದೇ ದೊಡ್ಡ ಕಥೆ ಗುರು. ಒಂಡಿನಾದಲ್ಲಿ ಇದ್ದದ್ದೇ 32 ಗುಂಡು. ಮುಗೀತು. ಐಕೊಕು ಮಾರು ಇನ್ನೂ ಹೊಡೀತಾನೇ ಇತ್ತು. ಬೆಂಗಾಲ್ ಹತ್ರಾನೂ ಮದ್ದು ತಳ ಕಂಡಿತ್ತು, ಹೊಗೆ ಬಿಟ್ಟು ದೂರ ಸರೀತು. ಹಾರ್ಸ್‌ಮನ್ ಬ್ರಿಡ್ಜಿನ ಮೇಲೇ ಸತ್ತ. ಉಳಿದವರು ಲೈಫ್‌ಬೋಟಿಗೆ ಇಳಿದ್ರು. ಜಪಾನಿಯರು ಟ್ಯಾಂಕರ್‌ಗೆ ಟಾರ್ಪಿಡೊ ಬಿಟ್ಟು, ದೋಣಿಗಳ ಮೇಲೆ ಮೆಷಿನ್‌ಗನ್ ಹಾರಿಸಿ, ಇನ್ನೇನು ಮುಳುಗುತ್ತೆ ಅಂತ ಹೊರಟುಹೋದ್ರು.

ಮುಳುಗಲಿಲ್ಲ. ತೈಲದ ಟ್ಯಾಂಕುಗಳೆಲ್ಲ ಖಾಲಿ, ಮುಚ್ಚಿದ ಖಾಲಿ ಕೊಡ ತೇಲಿದ ಹಾಗೆ ವಾಲಿಕೊಂಡು ತೇಲ್ತಿತ್ತು. ದೋಣೀಲಿದ್ದವರು ವಾಪಸ್ ಹತ್ತಿದ್ರು! ಬೆಂಕಿ ಆರಿಸಿದ್ರು, ಎಂಜಿನ್ ಚಾಲೂ ಮಾಡಿದ್ರು, ವಾರ ಕಳೆದು ನವೆಂಬರ್ 18ಕ್ಕೆ ಫ್ರಿಮ್ಯಾಂಟಲ್ ಮುಟ್ಟಿದ್ರು. ಅತ್ತ ಬೆಂಗಾಲ್‌ನವರು ಒಂಡಿನಾ ಹೋಯ್ತು ಅಂತ ತಿಳಿದು ಡಿಯಾಗೊ ಗಾರ್ಸಿಯಾ ಸೇರಿದ್ರು. ಒಬ್ಬರು ಇನ್ನೊಬ್ಬರಿಗೆ ತಿಥಿ ಮಾಡಿ ಮುಗಿಸಿದ ಹಾಗೆ.

ಶೃಂಗೇರಿ ಸುಬ್ಬಮ್ಮ:
ಉರಿಯೋ ಹಡಗಿಗೆ ತಿರುಗಿ ಹತ್ತೋದಾ! ಗುಂಡು ಹಾರಿಸಿದ್ದಕ್ಕಿಂತ ಇದು ನನಗೆ ಹೆಚ್ಚು ಅನ್ನಿಸ್ತು.

ಸ್ಟೋಕರ್ ಮಾಮ:
ಹೌದಮ್ಮ. ಅದೂ ಎಂಜಿನ್ ರೂಮಿಗೆ ಇಳಿಯೋದು. ಟಾರ್ಪಿಡೊ ಬಿದ್ದ ಹಡಗಿನ ಕೆಳಗೆ ಏಣಿ ಇಳಿಯೋಕೆ ಕಾಲು ಬರಲ್ಲ, ಒಬ್ಬೊಬ್ಬ ಇಳೀತಾನೆ, ಮಿಕ್ಕವರು ಅವನ ಹಿಂದೆ. ಆ ಹಡಗಿನಲ್ಲಿ ಚೀನೀ ಕೆಲಸಗಾರರೂ ಇದ್ದರು.

ಬಿಸಿಲೂರ ಬಸ್ಯಾ:
ಡಚ್ ಹಡಗು, ಚೀನಿ ಖಲಾಸಿ, ಹಿಂದೂಸ್ತಾನಿ ಕಾವಲು, ಇಂಗ್ಲಿಷ್ ಬಾವುಟ. ಯಾರ ಯುದ್ಧ ಅಂತ ಕೇಳಿದ್ದು ನಂದs ತಪ್ಪಾತೇನ? ಇಲ್ಲ, ಇನ್ನೂ ಕೇಳ್ತೀನಿ. ಆದ್ರ ಸಿಟ್ಟಿಲೇ ಅಲ್ಲ.

ದಾಂಡೇಲಿ ಅಪ್ಪ:
ಎಲ್ಲರಿಗೂ ದೊಡ್ಡ ನಮಸ್ಕಾರ. ಇದನ್ನೆಲ್ಲ ರಾತ್ರಿ ಮಗನಿಗೆ ಓದಿ ಹೇಳ್ದೆ. ಮೇಷ್ಟ್ರ ನೀರು ಚಿಮ್ಮಿದ ಕಡೆಗೆ ತಿರುಗಿಸೋ ವಿದ್ಯೆ ಕೇಳಿ ಬೆಳಗ್ಗೆ ಎದ್ದವನೇ ಹಿತ್ತಲ ನೀರಿನ ತೊಟ್ಟಿಗೆ ಕಾಗದದ ದೋಣಿ ಬಿಟ್ಟ. ಇವನು ಕಲ್ಲು ಎಸೀಬೇಕು, ತಂಗಿ ಕೋಲಲ್ಲಿ ದೋಣಿನ ಕಲ್ಲು ಬಿದ್ದ ಕಡೆಗೆ ತಳ್ಳಬೇಕು. ನಾಲ್ಕನೇ ಕಲ್ಲಿಗೆ ದೋಣಿ ಮುಳುಗ್ತು. ತಂಗಿ ಅತ್ತಳು. "ನಿನ್ನ ಮೇಷ್ಟ್ರು ಸುಳ್ಳು ಹೇಳಿದಾರೆ" ಅಂತ ನನ್ನ ಮೇಲೆ ಕೂತಿದಾನೆ.

ಲೆಕ್ಕದ ಮೇಷ್ಟ್ರು:
ತೊಟ್ಟಿ ಎಷ್ಟು ಅಡಿ ಅಗಲ? ಕಲ್ಲು ನೀರಿಗೆ ಬೀಳೋಕೆ ಅರ್ಧ ಸೆಕೆಂಡೂ ಸಾಕಲ್ಲಿ, ತಿರುಗಿಸೋಕೆ ಸಮಯ ಎಲ್ಲಿದೆ? ಪ್ರಯೋಗವೇ ತಪ್ಪು. ಕೆರೆಗೆ ಕರ್ಕೊಂಡು ಹೋಗಿ, ದೂರದಿಂದ ಎಸೆಯೋಕೆ ಹೇಳಿ.

ಮಲ್ಪೆ ಬಂಗುಡೆ:
ತಂಗಿಗೆ ಹೊಸ ದೋಣಿ ಮಾಡಿಕೊಡಿ ಮೊದಲು. ಕಲ್ಲು ಅವಳ ಕೈಗೆ ಕೊಡಿ.